ಮನೆಯ ಸಾಲಕ್ಕೆ ಕ್ಷೌರಿಕನ ಸಾಕ್ಷಿ

ಬೆಳಗಾವಿಗೆ ಬಂದ ಎರಡನೆಯ ದಿನ ಬೆಂಕಿಪೆಟ್ಟಿಗೆ ತರಲು ಓಣಿ ದಾಟಿದೆ. ಮರಳಿ ಬಂದಾಗ ಮನೆಯ ಮಾಲಕ, "ಏನ್ರಿ ಮಾಸ್ತರ, ಪರರಾಜ್ಯಕ್ಕ ಹೋಗಿ ಬಂದ್ರಿ?" ಎಂದ. ನಾನು ಬಾಡಿಗೆಗೆ ಕೋಣೆ ಹಿಡಿದ ಶಹಾಪುರ ಸಾಂಗಲಿ ಸಂಸ್ಥಾನದ್ದು. ಅಂಗಡಿಯಿದ್ದ ಬೆಳಗಾವಿ ಇಂಗ್ಲಿಷ್ ಸರಕಾರದ್ದು. ನಡುವೆ ನನಗೆ ಕಂಡದ್ದು ಒಂದು ಗಟಾರ. ಆ ವಾರವೆಲ್ಲ ಅದನ್ನು ದಾಟುವ ಮೊದಲು ಯಾರಾದರೂ ತಡೆಯುತ್ತಾರೇನೋ ಎಂದು ನಿಂತು ನೋಡಿದೆ. ತಡೆದದ್ದು ಒಂದು ಎಮ್ಮೆ ಮಾತ್ರ.

ನಮ್ಮ ನವಲಗುಂದದಲ್ಲಿ ಎಷ್ಟು ನಡೆದರೂ ಅದೇ ಕರಿಮಣ್ಣು, ಅದೇ ಸರಕಾರ. ಇಲ್ಲಿ ನನ್ನ ಕೋಣೆಯ ಕೆಳಗಿನ ಮಗ್ಗ ಕನ್ನಡದವರದು, ಪಕ್ಕದ್ದು ಮರಾಠಿಯವರದು. ಸದ್ದಿನಿಂದ ಯಾವುದು ಯಾರದೆಂದು ಗುರುತಿಸಲು ನನಗೆ ಕೊನೆಗೂ ಆಗಲಿಲ್ಲ.

ಎರಡು ವರ್ಷದ ಮೇಲೆ ಖಾನಾಪುರದ ಹತ್ತಿರದ ಹಳ್ಳಿಯ ಶಾಲೆಗೆ ವರ್ಗವಾಯಿತು; ಶಹಾಪುರದ ಕೋಣೆಯನ್ನು ಮಾತ್ರ ಬಿಡಲಿಲ್ಲ. ಹೆಂಡತಿ ಗಂಗವ್ವ ಇನ್ನೂ ನವಲಗುಂದದಲ್ಲಿ, ನನ್ನ ಅಣ್ಣನ ಮನೆಯಲ್ಲೇ ಇದ್ದಳು. "ಬಾಡಿಗಿ ಮನ್ಯಾಗ ನಾ ಒಲಿ ಹೂಡಂಗಿಲ್ಲ. ಸ್ವಂತದ್ದು ಕಟ್ಟ್ರಿ, ಬರತೀನಿ" ಎಂದಿದ್ದಳು. ಆ ಹಳ್ಳಿಯಲ್ಲೇ ಜಾಗ ಕೊಂಡು ಗೋಡೆ ಎಬ್ಬಿಸಿದೆ. ಹಂಚಿಗಾಗಿ ಊರಿನ ಸಹಕಾರಿ ಸಂಘಕ್ಕೆ ಸಾಲದ ಅರ್ಜಿ ಹಾಕಿದೆ. ಊರವರಿಗೆ ಮಾತ್ರ ಸಾಲ ಎಂಬುದು ಸಂಘದ ನಿಯಮ.

ಸಂಘದ ಹಿರಿಯರು ಪಾರಿಸಪ್ಪನವರು. "ಮಾಸ್ತರ, ವಾರದಾಗ ಎಷ್ಟು ದಿನಾ ಇಲ್ಲಿರತೀರಿ?" ಎಂದು ಕೇಳಿದರು.

ಸುಳ್ಳು ಹೇಳಬಾರದು ಎಂದುಕೊಂಡು ಹೇಳಿದೆ: "ಶನಿವಾರ ಮಧ್ಯಾಹ್ನದವರೆಗೆ. ಆಮೇಲೆ ಶಹಾಪುರದ ಕೋಣೆಯಲ್ಲಿ."

"ಅಂದ್ರ ವಾರಕ್ಕ ಒಂದೂವರಿ ದಿನಾ ಪರರಾಜ್ಯ!" ಎಲ್ಲರೂ ನಕ್ಕರು. ಪಾರಿಸಪ್ಪನವರು ಕಟ್ಟೆಯ ಕೆಳಗೆ ಕೂತಿದ್ದ ಕ್ಷೌರಿಕನನ್ನು ಕರೆದರು. "ಗಣಪತಿ, ಮಾಸ್ತರು ನಮ್ಮ ಊರಾವರೇನೋ?"

"ಅಲ್ರಿ. ಪಾವಣ್ಯಾರು. ಗಡ್ಡಾ ತಗದ ಕೂಡ್ಲೇ ರೊಕ್ಕಾ ಕೊಡತಾರ್ರಿ."

ಪಾವಣ್ಯಾರು ಎಂದರೆ ನೆಂಟರು.

"ಬ್ಯಾಡ ಅನ್ನಲಿಲ್ಲೇನು?"

"ಕೊಡೋರ ಕೈ ಹಿಡೀಲೇನ್ರಿ?"

ತಪ್ಪಿದ್ದು ಎಲ್ಲಿ ಎಂದು ಆಗ ಹೊಳೆಯಿತು. ನಾವು ಆಯ ಎನ್ನುವುದನ್ನು ಇಲ್ಲಿಯ ಮರಾಠಿಗರು ಬಲುತ ಎನ್ನುತ್ತಾರೆ: ಊರವರು ವರ್ಷವಿಡೀ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಕಾಳು ಕೊಡುವ ಪದ್ಧತಿ. ನವಲಗುಂದದಲ್ಲಿ ನನ್ನ ಪಾಲಿನದನ್ನೂ ಅಣ್ಣನೇ ಕೊಡುತ್ತಿದ್ದ. ಶಹಾಪುರದಲ್ಲಿ ಕೈಮೇಲೆ ರೊಕ್ಕ ಕೊಡುವುದು ರೂಢಿಯಾಯಿತು. ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಮರುದಿನವೇ ಗಣಪತಿಯ ಮನೆಗೆ ಒಂದು ಚೀಲ ಭತ್ತ ಹೊರಿಸಿದೆ. "ಈಗ್ಯಾಕ್ರಿ? ಸುಗ್ಗಿ ಬರಲಿ" ಎಂದು ಅವನು ಮುಟ್ಟಲಿಲ್ಲ. ಅಲ್ಲಿಯವರೆಗೆ ಗಡ್ಡ ತೆಗೆಸಿಕೊಂಡು ಏನೂ ಕೊಡದೆ ಎದ್ದು ಬರಬೇಕು. ಇಷ್ಟು ಕಷ್ಟದ ಕೆಲಸವನ್ನು ನಾನು ಮಾಡಿದ್ದು ಕಡಿಮೆ. ಪ್ರತಿ ಸಲವೂ ಕದ್ದವನಂತೆ ನಡೆದೆ.

ಗಣಪತಿ ಮಾತ್ರ ಬದಲಾದ. ಮೊದಲು, "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸುತ್ತಿದ್ದವನು ಈಗ, "ತಡೀರಿ, ನಾಕ ಮಂದಿ ಅದಾರ" ಎಂದು ಕಾಯಿಸತೊಡಗಿದ. ಕತ್ತಿಯೂ ಬದಲಾಯಿತು. ಒಂದು ದಿನ ಗದ್ದ ಕೊಯ್ದು ರಕ್ತ ಬಂತು.

"ಮೊದಲಿನ ಕತ್ತಿ ಎಲ್ಲಿ ಮಾರಾಯಾ?"

"ಅದು ಪಾವಣ್ಯಾರಿಗೆ, ಮಾಸ್ತರ. ಊರಾವರಿಗೆ ಇದು ಸಾಕು."

ಹಾದಿಯಲ್ಲಿ ಪಾರಿಸಪ್ಪನವರು ನನ್ನ ಗದ್ದ ನೋಡಿ ಬಿದ್ದು ಬಿದ್ದು ನಕ್ಕರು. ಸುಗ್ಗಿಯಲ್ಲಿ ಗಣಪತಿ ನನ್ನಿಂದ ಭತ್ತ ಅಳೆಸಿಕೊಂಡ ಸಂಜೆ ಅವರೇ ಜಾಮೀನಿಗೆ ಸಹಿ ಹಾಕಿದರು. ಸಾಲ ಮಂಜೂರಾಯಿತು, ಹಂಚು ಏರಿತು.

ಗಂಗವ್ವನನ್ನು ಕರೆತರಲು ನವಲಗುಂದಕ್ಕೆ ಹೋದೆ. ಹೊರಡುವ ಮುಂಜಾನೆ, ಕೂಸಾಗಿದ್ದಾಗ ನನ್ನ ಜಾವಳದ ಮೊದಲ ಕೂದಲು ತೆಗೆದಿದ್ದ ಕ್ಷೌರಿಕ ಬಸಪ್ಪಜ್ಜನ ಮುಂದೆ ಕೂತೆ. ಅವನು ಚಾಪೆ ಝಾಡಿಸಿ ಹಾಸಿದ. ಎಷ್ಟು ಮೆತ್ತಗೆ ತೆಗೆದನೆಂದರೆ ಕತ್ತಿ ತಾಗಿದ್ದೇ ತಿಳಿಯಲಿಲ್ಲ. ಕೈಮುಗಿದು ಎದ್ದೆ.

"ಈ ಸುಗ್ಗ್ಯಾಗ ನಿನ್ನ ಪಾಲಿನ ಜ್ವಾಳಾ ಬರಲಿಲ್ಲೋ ತಮ್ಮಾ," ಎಂದ ಅವನು, ಕನ್ನಡಿ ಒರೆಸುತ್ತ. "ಇನ್ನ ನೀ ಅಲ್ಲಿಯಾಂವ ಆದಿ ಅಂತ. ನಿಮ್ಮಣ್ಣ ಅಂದಾ."

ಗಂಗವ್ವ ಗಾಡಿಯಲ್ಲಿ ಕೂತು ಕಾಯುತ್ತಿದ್ದಳು. ನಾನು ರೊಕ್ಕಕ್ಕಾಗಿ ಜೇಬಿಗೆ ಕೈ ಹಾಕಿದೆ.