ಟವೆಲ್ಲಿನ ಕೆಳಗಿನ ಓಟು

ಅರವತ್ತೆರಡನೆಯ ವಯಸ್ಸಿನಲ್ಲಿ, ತನ್ನದೇ ಮನೆಯ ಹೊಸ್ತಿಲ ಮೇಲೆ ಹಾಜಿಮಲಂಗ ಕುಸಿದು ಕೂತ. ಯಾರೂ ಹೊಡೆದಿರಲಿಲ್ಲ. ತಾಯಿ ಮೆಹರುಬಿ ಒಂದು ಮಾತು ಆಡಿದ್ದಳು, ಅಷ್ಟೇ.

ಹಾರೂಗೇರಿ ಸುತ್ತಿನ ದನದ ಸಂತೆಗಳಲ್ಲಿ ಅವನು ಹೆಸರಾದ ದಲಾಲ. ಎತ್ತಿನ ಬೆಲೆಯನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಮಾರುವವನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿಯೇ ವ್ಯವಹಾರ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು.

ಬಾಯಿ ಬಿಡುತ್ತಿದ್ದುದು ಚಹಾದಂಗಡಿಯಲ್ಲಿ. ಯಾವ ದೇಶದ ಚುನಾವಣೆಯಾದರೂ ಮೊಬೈಲಿನಲ್ಲಿ ನೋಡಿಕೊಂಡು ಬಂದು, "ಅಲ್ಲಿ ಮಂದಿ ಅಂಜಿ ಓಟು ಹಾಕ್ತಾರ್ರಿ. ಪ್ರಜಾಪ್ರಭುತ್ವ ಇನ್ನೂ ಗಟ್ಟಿ ಆಗಬೇಕು," ಎಂದು ಮರುಗುತ್ತಿದ್ದ. ಅವನ ಮನೆಯಲ್ಲಿ ಆ ಕೊರತೆ ಇರಲಿಲ್ಲ. ಓಟು ಎಂಟು, ತಲೆ ಒಂದೇ.

ಈ ಸಲವೂ ಪಕ್ಷದ ಹುರಿಯಾಳಿನ ಪರ ಓಡಾಡುವ ಶಿವರಾಜನಿಗೆ "ಎಂಟೂ ಗಟ್ಟಿ" ಎಂದು ಮಾತು ಕೊಟ್ಟಾಗಿತ್ತು. ಮಾತು ತಪ್ಪಿದ ದಲಾಲನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅವನಿಗಿದ್ದ ಬಂಡವಾಳ ಅದೊಂದೇ.

ಮೆಹರುಬಿಗೆ ಎಂಬತ್ತೇಳು. ವಯಸ್ಸಾದವರ ಓಟನ್ನು ಮನೆಗೇ ಬಂದು ಪಡೆಯುವ ಸಿಬ್ಬಂದಿ ಆ ಬೆಳಿಗ್ಗೆ ಬಂದರು. ಅಧಿಕಾರಿ ದೀಪಾಲಿ ಮಂಚದ ಮೇಲೆ ರಟ್ಟಿನ ಮರೆ ನಿಲ್ಲಿಸಿ ಮತಪತ್ರ ಕೊಟ್ಟರು. ಹಾಜಿಮಲಂಗ ಮರೆಯೊಳಗೆ ತಲೆ ತೂರಿಸಿದ.

"ನೀವು ಹೊರಗ ನಿಂದರ್ರಿ," ಎಂದರು ದೀಪಾಲಿ.

"ಅಕಿಗೆ ಕಣ್ಣು ಮಂಜ್ರಿ ಮೇಡಂ. ನಾನೇ ಹಾಕ್ತೀನಿ."

"ಯಾರಿಗೆ ಮಂಜು?" ಮುದುಕಿ ಕೆಣಕಿದಳು. "ನಿನ್ನೆ ನಿನ್ನ ಅಂಗಿಗೆ ಗುಂಡಿ ಹಚ್ಚಿದಾಕಿ ಯಾರಲೇ?"

ಅವನು ಹಿಂದೆ ಸರಿದು ದನಿ ತಗ್ಗಿಸಿದ. "ಅಮ್ಮಾ, ನಾ ಹೇಳಿದ್ದು ನೆನಪೈತಿಲ್ಲೋ?"

"ನೀ ಹೇಳಿದ್ದು ಎಲ್ಲಾ ನೆನಪೈತಿ ಮಲಂಗ್ಯಾ. ನೀ ಹೇಳಿದ ಗುರ್ತಿಗೆ ಒಂದು ಸಲಾನೂ ಹಾಕಿಲ್ಲ."

ಆಗಲೇ ಅವನು ಹೊಸ್ತಿಲ ಮೇಲೆ ಕೂತದ್ದು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಕಣ್ಣಿಗೆ, ನಲವತ್ತು ವರ್ಷ ಎದುರಿಗೇ ಕೂತಿದ್ದ ಗುಟ್ಟು ಕಂಡಿರಲಿಲ್ಲ.

"ಒಂದು ಸಲಾನೂ? ಮತ್ತ ಯಾಕ ಹೇಳಲಿಲ್ಲ?"

"ಟವೆಲ್ ಕೆಳಗ ಎಷ್ಟು ಬೆರಳು ಒತ್ತೀದಿ ಅಂತ ನಾ ಎಂದಾರ ಕೇಳೀನೇನು?"

ಅವಳು ಗುರುತು ಮಾಡಿ, ಲಕೋಟೆ ಅಂಟಿಸಿ, ಅವನ ಮೂಗಿನ ಮುಂದೆಯೇ ದೀಪಾಲಿಯ ಕೈಗಿಟ್ಟಳು.

ಸಿಬ್ಬಂದಿ ಹೋದ ಮೇಲೆ ಹಾಜಿಮಲಂಗನ ದೃಷ್ಟಿ ಅಡುಗೆಮನೆಯತ್ತ ಹೊರಳಿತು. ಹೆಂಡತಿ ತಸ್ಲೀಮ ಹಿಟ್ಟು ನಾದುವುದರಲ್ಲಿ ವಿಪರೀತ ಮಗ್ನಳಾಗಿದ್ದಳು. ಸೊಸೆ ಗುಲನಾಜ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ನೀವೂ?"

"ರೊಟ್ಟಿ ಆರಾಕತ್ತೈತಿ, ಉಣ್ಣಾಕ ಬರ್ರಿ," ಎಂದಳು ತಸ್ಲೀಮ.

ಮೊಬೈಲು ಹೊಡೆದುಕೊಂಡಿತು. ಶಿವರಾಜ. "ಕಾಕಾ, ಎಂಟೂ ಗಟ್ಟಿ ಅಲ್ಲಾ?"

ಹಾಜಿಮಲಂಗನ ಕೈ ಅಭ್ಯಾಸಬಲದಿಂದ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಫೋನಿನಲ್ಲಿ ಅದರಿಂದೇನು ಉಪಯೋಗ? ಜನ್ಮದಲ್ಲಿ ಮೊದಲ ಸಲ, ಮನೆಮಂದಿಯೆಲ್ಲ ಕೇಳುವಂತೆ, ಲೆಕ್ಕವನ್ನು ಬಾಯಿಬಿಟ್ಟು ಹೇಳಿದ:

"ಒಂದು ಗಟ್ಟಿ ಐತೋ ಶಿವರಾಜ. ನಂದು."