ಬೊಗಸೆಯಷ್ಟು ನಾಯಿ

ಈ ಹೊತ್ತು ಸೋಮವಾರ, ಬೆಳಗಿನ ಎಂಟು ಗಂಟೆ. ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ಮೂವರು: ನಾನು, ಪಕ್ಕದ ಮನೆಯ ವನಜ, ಅವಳ ಕೈಚೀಲದೊಳಗಿನ ನಾಯಿ. ಚೀಲದ ಬಾಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಅಜ್ಜ, ಇದಕ್ಕೊಂದು ಗಂಡು ಹುಡುಕ್ಬೇಕು. ಇಷ್ಟೇ ಸಣ್ಣದು. ನೀವು ದನದ ಆಸ್ಪತ್ರೇಲಿ ಇದ್ದೋರಲ್ವಾ, ಹೇಳಿ" ಎಂದಳು.

ಅರವತ್ತರ ದಶಕದಲ್ಲಿ ನಾನು ಹೊಸನಗರದ ದಾರಿಯ ಒಂದು ಪುಟ್ಟ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಡಾಕ್ಟರು ಬರುವುದು ವಾರಕ್ಕೆರಡು ದಿನ. ಉಳಿದ ದಿನ ಆಸ್ಪತ್ರೆ ಎಂದರೆ ನಾನು ಮತ್ತು ಜವಾನ ತಿಮ್ಮಣ್ಣ. ಸೀಸೆಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದೆ. ಎತ್ತುಗಳೂ ಸಾಲಾಗಿ ನಿಲ್ಲಲಿ ಎಂದು ನನ್ನ ಆಸೆ; ಅವು ಒಪ್ಪಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಅಭಿಪ್ರಾಯ ಹೇಳುವುದು ಡಾಕ್ಟರ ಕೆಲಸ ಎಂದು ನಂಬಿದ್ದೆ. ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದೆ, ನೋಡಿ.

ಅಲ್ಲಿಗೆ ಜೋಗದ ವಿದ್ಯುತ್ ಕಾಲೊನಿಯಿಂದ ಪದ್ಮಾವತಮ್ಮ ಎರಡು ಬಸ್ಸು ಹತ್ತಿ ಬರುತ್ತಿದ್ದರು. ತೊಡೆಯ ಮೇಲೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಟವೆಲ್ಲು, ಟವೆಲ್ಲಿನಲ್ಲಿ ಗುಬ್ಬಿ ಎಂಬ ಹೆಣ್ಣು ನಾಯಿ. ಬೊಗಸೆಯೊಳಗೆ ಕೂರುತ್ತಿತ್ತು. ಬೆಂಚಿನಿಂದ ಹಾರಿದರೆ ಮುರಿಯುವಂಥ ಕಾಲು. ಯಜಮಾನರು ಪಾಳಿ ಮುಗಿಸಿ ಬಂದು ಮಲಗಿದರೆ ಆಕೆಗೆ ಮಾತಿಗೆ ಗುಬ್ಬಿಯೊಂದೇ. ಅಕ್ಕಿ ಆರಿಸುವಾಗಲೂ ಅದು ಸೆರಗಿನಲ್ಲೇ ಇರುತ್ತಿತ್ತಂತೆ.

"ತೀರ್ಥಹಳ್ಳೀಲಿ ಇದಕ್ಕಿಂತ ಸಣ್ಣ ಗಂಡು ಇದೆಯಂತೆ ಕಣ್ರೀ. ಕಾಲೊನೀಲಿ ಮೂರು ಮನೆಯೋರು ಮರಿ ಕೇಳಿದಾರೆ. ಯಾವ ದಿನ ಕರ್ಕೊಂಡ್ ಹೋಗ್ಬೇಕು, ಬರ್ಕೊಡಿ."

ಕಸ ಗುಡಿಸುತ್ತಿದ್ದ ತಿಮ್ಮಣ್ಣ ಸುಮ್ಮನಿರಲಿಲ್ಲ. "ಅಮ್ಮಾ, ಬೀಜಕ್ಕೆ ಬಿಡೋ ಸೌತೆಕಾಯೀನ ಯಾರಾದ್ರೂ ಸಣ್ಣದ್ ನೋಡಿ ಬಿಡ್ತಾರಾ? ಬಳ್ಳೀಲಿ ಯಾವ್ದು ಗಟ್ಟಿಮುಟ್ಟೋ ಅದನ್ನ ಹಣ್ಣಾಗಕ್ಕೆ ಬಿಟ್ಟು, ಬೀಜ ತೆಗ್ದು ಬೂದಿ ಹಚ್ಚಿಡೋದು. ನೀವು ಮುರುಟಿದ್ದನ್ನೇ ಹುಡುಕ್ತಾ ಇದೀರಲ್ಲ!"

"ನಿನ್ ಸೌತೆಕಾಯಿ ಮಡಿಲಲ್ಲಿ ಮಲಗುತ್ತಾ ತಿಮ್ಮಣ್ಣ?" ಎಂದು ಪದ್ಮಾವತಮ್ಮ ನಕ್ಕರು.

ನಾನು ನಗಲಿಲ್ಲ. "ನಿನ್ನ ಕೆಲಸ ನೋಡು" ಎಂದು ಅವನನ್ನು ಗದರಿದೆ. ಅವನ ಮಾತು ಸರಿಯೆಂದು ನನಗೆ ಗೊತ್ತಿತ್ತು. ತಾಯಿಯ ಮೈ ಕುಗ್ಗಿದಷ್ಟು ಮರಿಯ ತಲೆ ಕುಗ್ಗುವುದಿಲ್ಲ, ಹೆರುವಾಗ ದಾರಿ ಸಾಲುವುದಿಲ್ಲ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಆದರೆ ಆಕೆ ಕೇಳಿದ್ದು ದಿನವನ್ನು, ಅಪಾಯವನ್ನಲ್ಲ. ಗುಬ್ಬಿ ಬೆದೆಗೆ ಬಂದ ದಿನದಿಂದ ಎಣಿಸಿ, ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಹೆರಿಗೆ ಯಾವತ್ತು ಎಂಬುದನ್ನೂ ಬರೆದೆ.

ನಾನು ಬರೆದ ದಿನ ತಪ್ಪಲಿಲ್ಲ. ಮೊದಲ ಬಸ್ಸಿಗೇ ಬುಟ್ಟಿ ಬಂತು. ಒಂದೇ ಮರಿ, ತಲೆ ಸಿಕ್ಕಿಕೊಂಡಿತ್ತು. ಅದು ಡಾಕ್ಟರು ಬರುವ ದಿನವಲ್ಲ. ಕರು ಎಳೆದು ಪಳಗಿದ ನನ್ನ ಕೈಯ ಕಿರುಬೆರಳೂ ಅಲ್ಲಿಗೆ ದಪ್ಪ. ಮಧ್ಯಾಹ್ನದೊಳಗೆ ಗುಬ್ಬಿ ಹೋಯಿತು, ಮರಿಯೂ ಉಳಿಯಲಿಲ್ಲ.

"ಇಷ್ಟು ಸಣ್ಣ ನಾಯಿಗೆ ಹೀಗಾಗೋದುಂಟಮ್ಮ" ಎಂದೆ, ಸಮಾಧಾನಕ್ಕೆಂದು.

ಪದ್ಮಾವತಮ್ಮ ತಲೆಯೆತ್ತಿದರು. "ನಿಮಗೆ ಗೊತ್ತಿತ್ತಾ? ಅವತ್ತೇ ಹೇಳಿದ್ರೆ ಕೇಳ್ತಿದ್ದೆ ಕಣ್ರೀ. ನಂಗೆ ಮರಿ ಬೇಕಿರ್ಲಿಲ್ಲ, ಗುಬ್ಬಿ ಬೇಕಿತ್ತು."

ಆಕೆಯ ಪ್ರೀತಿ ಸುಳ್ಳೆಂದು ನಾನು ಯಾವತ್ತೂ ಹೇಳಲಾರೆ. ಮುದ್ದಾದದ್ದನ್ನು ಅಂಗೈಯಲ್ಲಿ ಹಿಡಿಯುವ ಆಸೆ ಯಾರಿಗಿಲ್ಲ? ಆದರೆ ನಮ್ಮ ಅಂಗೈಯ ಅಳತೆಗೆ ಒಂದು ಜೀವವನ್ನು ಹುಟ್ಟಿಸಲು ಹೊರಟರೆ ಮುದ್ದು ನಮ್ಮ ಪಾಲಿಗೆ, ನೋವು ಅದರ ಪಾಲಿಗೆ.

ವನಜಳಿಗೆ ಇದಿಷ್ಟನ್ನೂ ಹೇಳಿದೆ. "ಬೆಳಿಗ್ಗೆ ಬೆಳಿಗ್ಗೆ ಹೆದರಿಸ್ತೀರಲ್ಲ ಅಜ್ಜ" ಎಂದು ಮುಖ ಊದಿಸಿಕೊಂಡಳು.

"ಇರೋದನ್ನ ಚೆನ್ನಾಗಿ ಸಾಕು ಮಾರಾಯ್ತಿ. ಇಂಥದ್ದು ಇನ್ನೊಂದನ್ನ ಹುಟ್ಟಿಸ್ಬೇಡ."

ಚೀಲದೊಳಗೆ ಕೈಯಿಟ್ಟು ನಾಯಿಯ ತಲೆ ಸವರಿದಳು. ಆಮೇಲೆ ಕೇಳಿದಳು: "ಮರಿ ಆಗ್ದಂಗೆ ಆಪರೇಷನ್ ಇದೆಯಂತಲ್ಲ, ಅದೂ ಅಪಾಯವಾ?"

ಗೊತ್ತಿಲ್ಲ ಎಂದೆ. ಗೊತ್ತಿದ್ದವರನ್ನು ಕೇಳಲು ಆಟೋ ಹಿಡಿದು ಊರಿನ ದನದ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಎದೆಬಡಿತ ಕೇಳಿದರು, ತೂಕ ನೋಡಿದರು, ಆಪರೇಷನ್ ಮಾಡಬಹುದು ಎಂದು ಒಪ್ಪಿಗೆಯ ಚೀಟಿ ಮುಂದಿಟ್ಟರು. ವನಜ ಸಹಿಗೆ ಪೆನ್ನು ತೆಗೆದಳು. ನಾನು ತಡೆದು, ಅವಳು ಕೇಳದ ಪ್ರಶ್ನೆಗಳನ್ನೆಲ್ಲ ಕೇಳಿದೆ: ಅರಿವಳಿಕೆ ಎಷ್ಟು, ಎಚ್ಚರವಾಗಲು ಎಷ್ಟು ಹೊತ್ತು, ಏನಾದರೂ ಆದರೆ ಹತ್ತಿರದಲ್ಲಿ ಯಾರಿರುತ್ತಾರೆ. ಡಾಕ್ಟರಿಗೆ ಬೇಸರ ಬಂದಂತಿತ್ತು, ಬರಲಿ. ಪೂರಾ ಉತ್ತರ ಸಿಕ್ಕ ಮೇಲೆ ಅವಳು ಸಹಿ ಹಾಕಿದಳು. ಕೆಳಗೆ ಸಾಕ್ಷಿಯ ಸಾಲಿನಲ್ಲಿ ನಾನೂ ಹಾಕಿ, ಚೀಟಿಯನ್ನು ಡಾಕ್ಟರ ಕೈಗೆ ಕೊಟ್ಟೆ.