ಪ್ರೇಕ್ಷಕರಿಲ್ಲದ ಪಂದ್ಯಕ್ಕೆ ಮೂರು ದಿನ

ನವೆಂಬರ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಟೋಕಿಯೋದ ಓಜಿಮಾದಲ್ಲಿನ ನಮ್ಮ ಮನೆಗೆ ಬೀಗ ಹಾಕಿ, ಒಂಬತ್ತು ವರ್ಷದ ಮಗಳು ಅನ್ವಿಯನ್ನು ಮೇಲಿನ ಮಹಡಿಯ ಸುಮನಾ ಮನೆಯಲ್ಲಿ ಬಿಟ್ಟೆ. "ಟೆನ್ಷನ್ ಮಾಡ್ಕೋಬೇಡ ಕಣೆ, ಆರಾಮಾಗ್ ಹೋಗ್ಬಾ. ಭಾನುವಾರ ಸಂಜೆ ಬಂದೇಬಿಡ್ತೀಯಲ್ಲ," ಎಂದಳು ಸುಮನಾ. ಅನ್ವಿ ಟ್ಯಾಬ್‌ನಿಂದ ತಲೆ ಎತ್ತದೆ "ಇತ್ತೆರಷ್ಷೈ" ಅಂದಳು. ಹೋಗಿ ಬಾ ಎನ್ನುವುದಕ್ಕೆ ಇಲ್ಲಿನವರ ಮಾತು ಅದು. "ಹುಷಾರಾಗಿರು ಪುಟ್ಟಿ" ಅಂದೆ. "ಐ ನೋ, ಅಮ್ಮಾ."

ನನ್ನ ಗಂಡ ರವಿ ಆ ಮಾರ್ಚಿನಲ್ಲಿ ಕಂಪನಿ ಕೆಲಸಕ್ಕೆಂದು ಎರಡು ವಾರದ ಮಟ್ಟಿಗೆ ಬೆಂಗಳೂರಿಗೆ ಹೋದವರು, ಕೊರೋನಾಕ್ಕೆ ಜಪಾನ್ ಬಾಗಿಲು ಹಾಕಿಕೊಂಡಿದ್ದರಿಂದ ಅಲ್ಲೇ ಉಳಿದಿದ್ದರು. ಶರತ್ಕಾಲಕ್ಕೆ ಬಾಗಿಲು ತುಸು ತೆರೆಯಿತು. ಆದರೆ ಅನುಮತಿಯ ಕಾಗದ ಸಿಕ್ಕರೆ ವಿಮಾನ ಇಲ್ಲ, ವಿಮಾನ ಸಿಕ್ಕರೆ ಕಾಗದದ ಅವಧಿ ಮುಗಿದಿರುತ್ತಿತ್ತು. ಹೀಗೆ ನಾನೂ ಮಗಳೂ ಎರಡು ಕೋಣೆಯ ಮನೆಯಲ್ಲಿ ಎಂಟು ತಿಂಗಳು ಕಳೆದಿದ್ದೆವು. ಮನೆಯ ಗೋಡೆ ನೋಡಿ ಸಾಕಾಗಿ, ವಾರ್ಡ್ ಕಚೇರಿಯ ಹಲಗೆಯಲ್ಲಿ ಕಂಡ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ಆಟ ತೋರಿಸುವ ಪುಟ್ಟ ಚಾನೆಲ್ಲಿನ ಕೆಲಸ ಅದು. ವೀಕ್ಷಕ ವಿವರಣೆ ಕೊಡುವವರ ಪಕ್ಕ ಕೂತು, ಚೆಂಡು ಯಾವ ನಂಬರಿನ ಆಟಗಾರನ ಕೈಯಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಜನ ಬೇಕಿತ್ತು. ಮೈಸೂರಿನ ಕಾಲೇಜು ದಿನಗಳಲ್ಲಿ ನಾನು ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿದ್ದೆ. ಎದುರಾಳಿಯ ಕಣ್ಣು ನೋಡಬೇಡ, ಸೊಂಟ ನೋಡು ಎಂದು ಅಲ್ಲಿ ಕಲಿತದ್ದು ಹದಿನೈದು ವರ್ಷದ ಮೇಲೆ ಜಪಾನಿನಲ್ಲಿ ಕೆಲಸ ಕೊಡಿಸಿತು.

ಟೋಕಿಯೋ ಸ್ಟೇಷನ್ನಿನ ಶಿಂಕಾನ್ಸೆನ್ ಬುಲೆಟ್ ರೈಲಿನ ಗೇಟಿನ ಮುಂದೆ ಮಾರ್ಕಸ್ ಕಾಯುತ್ತಿದ್ದ. ಆರಡಿಗೂ ಮೇಲಿನ ಆಳು, ಕಪ್ಪು ಕೋಟು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ. ಅವನು ಅಮೆರಿಕನ್ ಫುಟ್‌ಬಾಲ್ ಆಟಗಾರ. ನಮಗೆ ಗೊತ್ತಿರುವ ಕಾಲ್ಚೆಂಡಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು, ಅಡ್ಡ ನಿಂತ ಹನ್ನೊಂದು ಜನರ ಗೋಡೆಯಲ್ಲಿ ಸಂದಿ ಹುಡುಕಿ ನುಗ್ಗುವ ಆಟ. ನುಗ್ಗುವವನೇ ಮಾರ್ಕಸ್. ತನ್ನ ದೇಶದಲ್ಲಿ ಕಾಲೇಜಿನ ತನಕ ಹೆಸರು ಮಾಡಿ, ದೊಡ್ಡ ತಂಡವೊಂದರ ಶಿಬಿರದಿಂದ ಮೂರನೇ ವಾರಕ್ಕೇ ಹೊರಬಿದ್ದು, ಇಪ್ಪತ್ತನಾಲ್ಕನೇ ವಯಸ್ಸಿಗೆ ಜಪಾನಿಗೆ ಬಂದ. ಇಲ್ಲಿ ದೊಡ್ಡ ಕಂಪನಿಗಳು ಇಂಥ ತಂಡ ಸಾಕುತ್ತವೆ. ಏಳು ವರ್ಷ ಆಡಿದ. ಎಂಟನೇ ವರ್ಷ ಮೊಣಕಾಲು ಹೋಯಿತು. ಈಗ ಮೈಕಿನ ಮುಂದೆ ಕೂರುವ ಕೆಲಸ ಕಲಿಯುತ್ತಿದ್ದ.

ಕಲಿಯುತ್ತಿದ್ದ ಅಂದೆ; ಬಂದಿರಲಿಲ್ಲ. ಹಿಂದಿನ ಎರಡು ಪಂದ್ಯಗಳಲ್ಲಿ ಮುಖ್ಯ ವಿವರಣೆಗಾರರ ಪಕ್ಕ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ. ಈ ಸಲ ಅವರಿಗೆ ಜ್ವರ ಬಂದು, ಕೋಬೆಯ ಪಂದ್ಯಕ್ಕೆ ಮಾರ್ಕಸ್ ಒಬ್ಬನೇ ಮಾತಾಡಬೇಕಿತ್ತು. ಚಾನೆಲ್ಲಿನ ನಿರ್ಮಾಪಕಿ ಓನೋ-ಸಾನ್ ನನಗೆ ಮೊದಲೇ ಹೇಳಿದ್ದರು: ಇದು ಚೆನ್ನಾಗಿ ಆದರೆ ಅವನಿಗೆ ಹೊಸ ಕರಾರು, ಇಲ್ಲವಾದರೆ ಜನವರಿಗೆ ವೀಸಾ ಮುಗಿಯುತ್ತದೆ.

ಕೊದಾಮಾ ರೈಲು ಒಂಬತ್ತಕ್ಕೆ ಹೊರಟಿತು. ಇಡೀ ಬೋಗಿಯಲ್ಲಿ ನಮ್ಮನ್ನೂ ಸೇರಿಸಿ ಆರೇಳು ಜನ. ಮಾತಾಡಬೇಡಿ ಎಂಬ ವಿನಂತಿ ಮತ್ತೆ ಮತ್ತೆ ಕೇಳಿಬರುತ್ತಿದ್ದುದರಿಂದ ನಾವು ಒಂದು ಸಾಲು ಬಿಟ್ಟು ಕೂತೆವು. ಮೋಡ ಕವಿದಿತ್ತು, ಫೂಜಿ ಪರ್ವತ ಕಾಣಲಿಲ್ಲ. ನಾನು ಮನೆಯಿಂದ ತಂದ ಚಿತ್ರಾನ್ನದ ಡಬ್ಬಿಯೊಂದನ್ನು ಅವನತ್ತ ದಾಟಿಸಿದೆ. ಅವನು ಕೊಂಬಿನಿಯಲ್ಲಿ, ಅಂದರೆ ಇಲ್ಲಿನ ಹಗಲುರಾತ್ರಿಯ ಅಂಗಡಿಯಲ್ಲಿ, ಕೊಂಡ ಅನ್ನದುಂಡೆಯೊಂದನ್ನು ನನ್ನತ್ತ ದಾಟಿಸಿದ. ಒಳಗೆ ಉಪ್ಪು ಹಾಕಿದ ಹುಳಿ ಹಣ್ಣು, ನಾನು ತಿನ್ನಬಹುದಾದದ್ದೇ. ಎರಡು ಗಂಟೆ ಹೀಗೇ ಹೋಯಿತು. ಟೊಯೊಹಾಶಿಯಲ್ಲಿ ಇಳಿದು ಸಾದಾ ರೈಲು ಹಿಡಿದು ಮಧ್ಯಾಹ್ನದ ಹೊತ್ತಿಗೆ ಒಕಾಜಾಕಿ ತಲುಪಿದೆವು.

ಒಕಾಜಾಕಿಯಲ್ಲಿ ಇಳಿಯಲು ಕಾರಣ ಮುರಾತಾ-ಸಾನ್. ಮಾರ್ಕಸ್‌ನನ್ನು ಜಪಾನಿಗೆ ಕರೆಸಿಕೊಂಡ ಹಳೆಯ ಕೋಚ್. ಎಪ್ಪತ್ತು ದಾಟಿದೆ, ಶ್ವಾಸಕೋಶ ದುರ್ಬಲ. ಫೆಬ್ರವರಿಯಿಂದ ಮನೆಯ ಗೇಟು ದಾಟಿಲ್ಲವಂತೆ. ಈಗಿನ ಆಟಗಾರರ ಬಗ್ಗೆ ನಾಲ್ಕು ಮಾತು ಕೇಳಿಕೊಂಡು ಬರೋಣ ಎಂದು ಮಾರ್ಕಸ್ ಬಯಸಿದ್ದ. ನದಿಯ ಹಿಂದಿನ ಓಣಿಯಲ್ಲಿ ಮನೆ. ಗೇಟಿನ ಹೊರಗೆ ನಮಗಾಗಿ ಎರಡು ಸ್ಟೂಲು ಇಟ್ಟಿದ್ದರು. ಅವರು ಒಳಗೆ, ತೆರೆದ ಕಿಟಕಿಯ ಹಿಂದೆ ಕಂಬಳಿ ಹೊದ್ದು ಕೂತಿದ್ದರು. ನಡುವೆ ಒಂದು ಪರ್ಸಿಮನ್ ಮರ, ತುಂಬ ಹಣ್ಣು, ಕೀಳುವವರಿರಲಿಲ್ಲ.

ಮಾತು ಜಪಾನೀ ಭಾಷೆಯಲ್ಲಿ ನಡೆಯಿತು, ಎರಡೂ ಕಡೆ ಏರಿದ ದನಿಯಲ್ಲಿ. ಮುಕ್ಕಾಲುಪಾಲು ನನಗೆ ಅರ್ಥವಾಯಿತು. ಮಾರ್ಕಸ್ ಪುಸ್ತಕ ತೆರೆದು ಪ್ರಶ್ನೆ ಕೇಳುತ್ತಿದ್ದ, ಕೋಚ್ ನಂಬರು ಹೇಳಿ ಗುಣದೋಷ ಹೇಳುತ್ತಿದ್ದರು. ಒಂದು ಸಲ ನಕ್ಕು, "ನೀನು ಆಡುವಾಗಲೂ ಹೀಗೇ, ಮಾರ್ಕಸ್. ಎಲ್ಲ ಬರೆದುಕೊಂಡು ಬರುತ್ತಿದ್ದೆ, ಮೈದಾನಕ್ಕಿಳಿದರೆ ಮರೆಯುತ್ತಿದ್ದೆ," ಎಂದರು. ಆಮೇಲೆ ಸಹಜವಾಗಿ ಕೇಳಿದರು: "ತಾಯಿಯವರು ಆರೋಗ್ಯವೇ?"

ಮಾರ್ಕಸ್ ಪುಸ್ತಕ ಮುಚ್ಚಿದ. "ಜೂನಿನಲ್ಲಿ ಹೋಗಿಬಿಟ್ಟರು."

ನನಗೂ ಅದು ಆಗಲೇ ಗೊತ್ತಾದದ್ದು. ಎರಡು ತಿಂಗಳಿಂದ ಜೊತೆಗೆ ಕೆಲಸ ಮಾಡುತ್ತಿದ್ದೆವು, ಒಮ್ಮೆಯೂ ಹೇಳಿರಲಿಲ್ಲ. ಮುರಾತಾ-ಸಾನ್ ಕಂಬಳಿ ಸರಿಸಿ ಎದ್ದರು. ಬಾಗಿಲಿನ ತನಕ ಬಂದು, ಹೊಸಿಲಿನಲ್ಲೇ ನಿಂತರು. ಮುಂದೆ ಬರುವಂತಿರಲಿಲ್ಲ. ಅಲ್ಲಿಂದಲೇ ಸೊಂಟದ ತನಕ ಬಾಗಿ, ಬಹಳ ಹೊತ್ತು ಹಾಗೇ ಇದ್ದರು. ಮಾರ್ಕಸ್ ಗೇಟಿನ ಈಚೆ ಬಾಗಿದ. ಅವರು ಅಪ್ಪಿಕೊಳ್ಳಬೇಕಾದ ಜನ, ಅಪ್ಪಿಕೊಳ್ಳಲಾಗಲಿಲ್ಲ.

ಮರಳುವಾಗ ನದಿಯ ದಂಡೆಯಲ್ಲಿ ಅವನೇ ಮಾತು ತೆಗೆದ. ಆಡಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಗ ಊರಿಗೆ ಹೋಗಿದ್ದರೆ ಇಲ್ಲಿಗೆ ವಾಪಸ್ ಬಿಡುತ್ತಿರಲಿಲ್ಲ, ರೂಪಾ-ಸಾನ್. ಅಲ್ಲಿ ನನಗೆ ಕೆಲಸ ಇಲ್ಲ, ಇಲ್ಲಿ ಈ ಚಾನೆಲ್ಲಿನವರು ಆಗಷ್ಟೇ ಕರೆದಿದ್ದರು. ಅಮ್ಮನೇ 'ಬರಬೇಡ' ಅಂದಳು. ನಾನು ಆ ಮಾತನ್ನೇ ಹಿಡಿದುಕೊಂಡು ಉಳಿದುಬಿಟ್ಟೆ."

"ಕೊನೆಗೆ ನೋಡೋಕೆ ಆಯ್ತಾ?"

"ಫೋನಿನಲ್ಲಿ, ಅಂತ್ಯಕ್ರಿಯೆಯನ್ನು. ಸೋಯಾ ಸಾಸ್ ಬಾಟಲಿಗೆ ಒರಗಿಸಿ ಇಟ್ಟುಕೊಂಡು ನೋಡಿದೆ. ಅಲ್ಲಿ ಯಾರೋ ಫೋನನ್ನು ಚರ್ಚಿನ ಬೆಂಚಿನ ಮೇಲೆ ಮಲಗಿಸಿಬಿಟ್ಟಿದ್ದರು. ಅರ್ಧ ಹೊತ್ತು ಛಾವಣಿಯನ್ನೇ ನೋಡಿದೆ."

ನದಿಯಲ್ಲಿ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ಅದನ್ನು ದಾಟಿ ನಡೆದೆವು. ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿ, ಬೇರೆ ಬೇರೆ ಮಹಡಿಯ ಕೀಲಿ ಕೊಟ್ಟರು. ಸಂಜೆ ಅನ್ವಿಗೆ ಫೋನ್ ಮಾಡಿದೆ. "ದೈಜೋಬು, ಆರಾಮಾಗಿದೀನಿ ಅಮ್ಮಾ. ಸುಮನಾ ಆಂಟಿ ಪಾಸ್ತಾ ಮಾಡಿದ್ರು," ಎಂದು ಇಟ್ಟಳು. ರವಿ ಎತ್ತಲಿಲ್ಲ; ಅವರಿಗೆ ಆಫೀಸಿನ ಹೊತ್ತು.

ಶನಿವಾರ ಒಕಾಜಾಕಿಯಿಂದ ನಗೋಯಾಕ್ಕೆ ಅರ್ಧ ಗಂಟೆ, ಅಲ್ಲಿಂದ ಮತ್ತೆ ಶಿಂಕಾನ್ಸೆನ್ ಹತ್ತಿ ಕೋಬೆಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಕೋಬೆ ಉದ್ದಕ್ಕೆ ಚಾಚಿಕೊಂಡ ಊರು, ಬೆನ್ನಿಗೆ ಗುಡ್ಡ, ಕಾಲಬುಡಕ್ಕೆ ಸಮುದ್ರ. ಎಲ್ಲಿಗೆ ಹೋದರೂ ಬಸ್ಸಿಗೆ ಇನ್ನೂರ ಹತ್ತು ಯೆನ್. ಮೈದಾನ ಗುಡ್ಡದ ಬುಡದಲ್ಲಿತ್ತು. ನಾವು ಹೋದಾಗ ಮೇಲಿಂದ ಚಳಿಗಾಳಿ ಇಳಿಯುತ್ತಿತ್ತು, ಗ್ಯಾಲರಿಯ ಸೀಟುಗಳಿಗೆಲ್ಲ ಅಡ್ಡಲಾಗಿ ಬಿಳಿ ಟೇಪು ಸುತ್ತಿದ್ದರು. ಮಾರ್ಕಸ್ ಇದೇ ಮೈದಾನದಲ್ಲಿ ಆಡಿದ್ದವನು. ಗೆರೆಯ ಅಂಚಿಗೆ ಹೋಗಿ ನಿಂತ, ಒಳಗೆ ಕಾಲಿಡಲಿಲ್ಲ.

"ಇಲ್ಲೇನಾ?" ಎಂದೆ, ಅವನ ಮೊಣಕಾಲು ನೋಡಿ.

"ಆ ಮೂಲೆಯಲ್ಲಿ," ಎಂದು ಬೆರಳು ತೋರಿಸಿದ.

ಭಾನುವಾರ ಹನ್ನೊಂದಕ್ಕೆ ಪಂದ್ಯ. ವಿವರಣೆಯ ಕೋಣೆಯ ಕಿಟಕಿಗಳನ್ನೆಲ್ಲ ಗಾಳಿಯಾಡಲೆಂದು ತೆಗೆದಿಟ್ಟಿದ್ದರು. ಕೋಟು ಹಾಕಿಕೊಂಡೇ ಕೂತೆವು. ಅವನಿಗೂ ನನಗೂ ಮಧ್ಯೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ನಾನು ಈಚೆಯಿಂದ ಆಟಗಾರರ ನಂಬರಿನ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸುವುದು, ಅವನು ಆಚೆಯಿಂದ ನೋಡಿ ಹೆಸರು ಹೇಳುವುದು. ಓನೋ-ಸಾನ್ ಕೆಳಗೆ ವ್ಯಾನಿನಲ್ಲಿದ್ದರು, ಅವರ ದನಿ ನಮ್ಮಿಬ್ಬರ ಕಿವಿಗೂ ಬರುತ್ತಿತ್ತು.

ಜನ ಇಲ್ಲದ ಪಂದ್ಯವನ್ನು ನೋಡದವರಿಗೆ ಅದನ್ನು ಹೇಗೆ ಹೇಳಲಿ? ಹೆಗಲಿಗೆ ಹೆಗಲು ಬಡಿದ ಸದ್ದು ಕೋಣೆಯ ತನಕ ಬರುತ್ತಿತ್ತು. ಕೋಚ್‌ಗಳ ಕೂಗು ಖಾಲಿ ಗ್ಯಾಲರಿಗೆ ತಾಗಿ ಮರಳುತ್ತಿತ್ತು. ಅಂಕ ಗಳಿಸಿದವನು ಅಭ್ಯಾಸಬಲದಿಂದ ಗ್ಯಾಲರಿಯತ್ತ ಕೈಯೆತ್ತಿ, ಅಲ್ಲಿ ಕಾಗೆಗಳನ್ನು ಕಂಡು ಕೈ ಇಳಿಸಿದ. ಮಾರ್ಕಸ್ ಬರೆದು ತಂದದ್ದನ್ನು ಓದಿದಂತೆ ಮಾತಾಡುತ್ತಿದ್ದ. ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಅರ್ಧ ಆಟದ ಬಿಡುವಿನಲ್ಲಿ ಓನೋ-ಸಾನ್ "ಗನ್ಬಾತ್ತೆ, ಮಾರ್ಕಸ್-ಸಾನ್" ಎಂದರು. ಪ್ರಯತ್ನ ಬಿಡಬೇಡ ಅಂತ. ಆ ದನಿಯಲ್ಲಿ ಭರವಸೆ ಇರಲಿಲ್ಲ.

ನಾಲ್ಕು ಭಾಗದ ಆಟದ ಮೂರನೇ ಭಾಗದಲ್ಲಿ ಇಪ್ಪತ್ತೆರಡನೇ ನಂಬರಿನವನು ಚೆಂಡು ಅವುಚಿ ಎಡಕ್ಕೆ ತಿರುಗಿದ. ಅವನ ಸೊಂಟ ಒಂದು ಕಡೆ, ಊರಿದ ಕಾಲು ಇನ್ನೊಂದು ಕಡೆ. ಬೀಳುತ್ತಾನೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಇಬ್ಬರು ಅವನ ಮೇಲೆ ಬಿದ್ದಿದ್ದರು. ಅವನು ಕಿರುಚಿದ್ದು ನಮಗೆ ಚೆನ್ನಾಗಿ ಕೇಳಿಸಿತು. ನಾನು ಇಪ್ಪತ್ತೆರಡರ ಮೇಲೆ ಬೆರಳಿಟ್ಟೆ. ಮಾರ್ಕಸ್ ನೋಡಲಿಲ್ಲ. ಅವನ ಎರಡೂ ಕೈ ತನ್ನ ಎಡ ಮೊಣಕಾಲಿನ ಮೇಲಿದ್ದವು.

"ಮಾರ್ಕಸ್-ಸಾನ್?" ಎಂದರು ಓನೋ-ಸಾನ್ ಕಿವಿಯಲ್ಲಿ. "ಮಾರ್ಕಸ್-ಸಾನ್, ಮಾತಾಡಿ, ದಯವಿಟ್ಟು."

ಅವನ ತುಟಿ ಅಲುಗಲಿಲ್ಲ. ಪ್ರಸಾರದಲ್ಲಿ ಬರೀ ಗಾಳಿಯ ಸದ್ದು ಹೋಗುತ್ತಿತ್ತು. ನಾನು ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಪ್ಲಾಸ್ಟಿಕ್ ಹಲಗೆಯ ಕೆಳಗಿನ ಸಂದಿಯಿಂದ ಕೈ ಹಾಕಿ ಮೇಜಿನ ಮೈಕನ್ನು ನನ್ನತ್ತ ಎಳೆದುಕೊಂಡೆ. ನನ್ನ ಇಂಗ್ಲಿಷ್ ವಿವರಣೆಯ ಇಂಗ್ಲಿಷಲ್ಲ. ಕಂಡದ್ದನ್ನು ಹೇಳಿದೆ. "ಇಪ್ಪತ್ತೆರಡನೇ ನಂಬರ್ ಬಿದ್ದಿದ್ದಾನೆ. ಎಡಗಾಲು. ಚೆಂಡನ್ನು ಇನ್ನೂ ಬಿಟ್ಟಿಲ್ಲ. ಇಬ್ಬರು ಓಡಿ ಬರುತ್ತಿದ್ದಾರೆ. ಅವನ ಹೆಲ್ಮೆಟ್ಟನ್ನು ಒಬ್ಬರು ಹಿಡಿದುಕೊಂಡಿದ್ದಾರೆ. ಮೈದಾನದಲ್ಲಿ ಯಾರೂ ಮಾತಾಡುತ್ತಿಲ್ಲ."

ಆಗ ಮಾರ್ಕಸ್ ಮೈಕನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಅವನಿಗೆ ಈಗ ನೋವು ಗೊತ್ತಾಗುತ್ತಿಲ್ಲ," ಎಂದ. "ನೋವು ಆಮೇಲೆ ಬರುತ್ತದೆ. ಈಗ ಅವನು ಸದ್ದಿಗಾಗಿ ಕಾಯುತ್ತಿದ್ದಾನೆ. ಇದೇ ಮೈದಾನದಲ್ಲಿ ನನ್ನ ಮೊಣಕಾಲು ಹೋದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಸ್ಟ್ರೆಚರಿನ ಮೇಲೆ ಮಲಗಿ ಅದನ್ನು ಕೇಳುತ್ತಾ ಹೋದೆ. ನನ್ನ ಆಟ ಮುಗಿಯಿತು ಅಂತ ಗೊತ್ತಿತ್ತು, ಆದರೂ ಆ ಸದ್ದು ಜೊತೆಗಿತ್ತು. ಇವನಿಗೆ ಇವತ್ತು ಯಾರೂ ಇಲ್ಲ. ನೀವು ಎಲ್ಲಿ ಕೂತು ನೋಡುತ್ತಿದ್ದೀರೋ ನನಗೆ ಗೊತ್ತಿಲ್ಲ. ಅಲ್ಲಿಂದಲೇ ಒಂದು ಚಪ್ಪಾಳೆ ತಟ್ಟಿ. ಅವನಿಗೆ ಕೇಳಿಸದಿದ್ದರೂ ಪರವಾಗಿಲ್ಲ."

ಕೆಳಗೆ ಎದುರು ತಂಡದವರು ಒಂಟಿಮಂಡಿಯೂರಿ ಕೂತು, ಗ್ಲೌಸು ಹಾಕಿದ ಕೈಯಲ್ಲೇ ತಟ್ಟತೊಡಗಿದರು. ಮೆತ್ತನೆಯ, ಮೊಂಡು ಸದ್ದು. ಮಾರ್ಕಸ್ ಅದನ್ನೂ ಹೇಳಿದ. ಅಲ್ಲಿಂದ ಕೊನೆಯವರೆಗೆ ಅವನು ಕಾಗದ ನೋಡಲಿಲ್ಲ. ನಾನು ನಂಬರಿನ ಮೇಲೆ ಬೆರಳಿಡುವ ಮೊದಲೇ ಅವನ ಬಾಯಲ್ಲಿ ಹೆಸರು ಬರುತ್ತಿತ್ತು.

ಮೂರು ಗಂಟೆಯ ರೈಲು ಹತ್ತಿದೆವು. ನಗೋಯಾ ದಾಟಿದ ಮೇಲೆ ಅವನಿಗೆ ಫೋನ್ ಬಂತು. ಬೋಗಿಯ ಹೊರಗೆ ಬಾಗಿಲ ಬಳಿ ಹೋಗಿ ಮಾತಾಡಿ, ಮರಳಿ ಬಂದು ನನ್ನ ಸಾಲಿನ ಬಳಿ ನಿಂತ. ಮಾಸ್ಕಿನ ಮೇಲೆ ಕಣ್ಣು ತುಂಬಿದ್ದವು. "ಎರಡು ವರ್ಷದ ಕರಾರು," ಎಂದ ಪಿಸುದನಿಯಲ್ಲಿ. "ಮುಂದಿನ ಪಂದ್ಯಕ್ಕೂ ಆ ಅರಿಶಿನದ ಅನ್ನ ತರಬೇಕು ನೀವು."

ಅವನು ಸೀಟಿಗೆ ಹೋದ ಸ್ವಲ್ಪ ಹೊತ್ತಿಗೆ ನನ್ನ ಫೋನಿಗೂ ಓನೋ-ಸಾನ್ ಸಂದೇಶ ಬಂತು. ಬಹಳ ಮರ್ಯಾದೆಯ, ಉದ್ದನೆಯ ಸಂದೇಶ. ಇಂದಿನ ನಿಮ್ಮ ಸಹಾಯ ಮರೆಯುವುದಿಲ್ಲ. ಸೋಂಕು ಮತ್ತೆ ಏರುತ್ತಿರುವುದರಿಂದ ಇನ್ನು ಯಾರೂ ಪ್ರಯಾಣ ಮಾಡುವುದಿಲ್ಲ. ಮಾರ್ಕಸ್-ಸಾನ್ ಟೋಕಿಯೋದ ಕೋಣೆಯಲ್ಲಿ ಕೂತು ಪರದೆ ನೋಡಿ ಮಾತಾಡುತ್ತಾರೆ. ನಂಬರು ಯಂತ್ರವೇ ತೋರಿಸುತ್ತದೆ. ಆದ್ದರಿಂದ, ತುಂಬ ವಿಷಾದದಿಂದ, ಇನ್ನು ನಿಮ್ಮನ್ನು ಕರೆಯಲಾಗುವುದಿಲ್ಲ. ಎರಡು ಸಲ ಓದಿ ಫೋನನ್ನು ಬ್ಯಾಗಿಗೆ ಹಾಕಿದೆ. ನಾಳೆ ಸೋಮವಾರ ಎಂಬುದು ನೆನಪಾಯಿತು. ಅನ್ವಿ ಶಾಲೆಗೆ ಹೋದ ಮೇಲೆ ಆ ಎರಡು ಕೋಣೆ. ಅವನಿಗೆ ಹೇಳಲಿಲ್ಲ. ಇವತ್ತೊಂದು ದಿನ ಅವನ ಪಾಲಿಗೆ ಪೂರ್ತಿಯಾಗಿ ಇರಲಿ ಅನ್ನಿಸಿತು.

ಆರು ಗಂಟೆಗೆ ಟೋಕಿಯೋ ಸ್ಟೇಷನ್. ಭಾನುವಾರ ಸಂಜೆಯಾದರೂ ಜನ ವಿರಳ. ಅವನ ದಾರಿ ಬೇರೆ, ನನ್ನ ದಾರಿ ಬೇರೆ. ಕಂಬದ ಬಳಿ ನಿಂತು ಅವನು ಫೋನ್ ತೆಗೆದ, ಹೆಸರುಗಳ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದ, ಮತ್ತೆ ಜೇಬಿಗೆ ಹಾಕಿದ.

"ಏನಾಯ್ತು?"

"ಏನಿಲ್ಲ. ಇಂಥದ್ದೇನಾದರೂ ಆದರೆ ಮೊದಲು ಅವಳಿಗೆ ಹೇಳುತ್ತಿದ್ದೆ. ಈಗ ಯಾರಿಗೆ ಹೇಳುವುದು ಅಂತ ನೋಡುತ್ತಿದ್ದೆ."

"ನನಗೆ ಹೇಳಿ," ಎಂದೆ.

"ನಿಮಗೆ ಗೊತ್ತಲ್ಲ."

"ಇರಲಿ, ಹೇಳಿ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ನೆಲ ನೋಡುತ್ತಾ, ಚಿಕ್ಕ ದನಿಯಲ್ಲಿ, "ಅಮ್ಮಾ, ನನಗೆ ಕೆಲಸ ಸಿಕ್ಕಿತು," ಎಂದ.

ನನ್ನ ವಯಸ್ಸು ಅವನಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಅಷ್ಟೆ. ಆದರೂ ಕನ್ನಡದಲ್ಲಿ, "ಒಳ್ಳೇದಾಗ್ಲಿ ಕಣಪ್ಪ," ಎಂದೆ. "ಹೊಟ್ಟೆಗೇನಾದ್ರೂ ತಿಂದ್ಯಾ?"

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಏನೆಂದು ಕೇಳಲೂ ಇಲ್ಲ. ಎರಡು ಸಲ ತಲೆಯಾಡಿಸಿ, ಚೀಲ ಹೆಗಲಿಗೇರಿಸಿ, ಎಡಗಾಲು ಎಳೆಯುತ್ತಾ ಮೆಟ್ಟಿಲಿನತ್ತ ಹೋದ. ಉಳಿದವರಿಗಿಂತ ಒಂದು ತಲೆ ಎತ್ತರವಿದ್ದುದರಿಂದ ಬಹಳ ದೂರದವರೆಗೂ ಕಾಣುತ್ತಿದ್ದ.